ಮೃದು ಮುಟ್ಟಿನ ಚಿಕಿತ್ಸೆ

ನನ್ನ ಅತ್ತೆಯ ಕಾಲಿಗೆ ಹನ್ನೊಂದು ವರ್ಷ ನಾನೇ ಎಣ್ಣೆ ತಿಕ್ಕಿದ್ದೇನೆ. ಮಧ್ಯಾಹ್ನ ಮೂರೂವರೆಗೆ ಅವರು ನಿದ್ದೆಯಿಂದೆದ್ದು ಕಿಟಕಿಯ ಬಳಿಯ ದಿವಾನದ ಮೇಲೆ ಕಾಲು ಚಾಚಿ ಕೂತರೆ, ನಾನು ಕರ್ಪೂರ ಹಾಕಿ ಬಿಸಿ ಮಾಡಿದ ತೆಂಗಿನೆಣ್ಣೆಯ ಬಟ್ಟಲು ಹಿಡಿದು ನೆಲದ ಮೇಲೆ ಕೂರುತ್ತಿದ್ದೆ. ಅವರ ಎಡಗಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಬಲ ಹಿಮ್ಮಡಿಯ ಒಡಕು ಚಳಿಗೆ ಬಾಯಿ ಬಿಡುತ್ತದೆ, ಮಳೆ ಶುರುವಾದರೆ ಮುಚ್ಚಿಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತು, ಅವರು ಹೆತ್ತ ಮಕ್ಕಳಿಗೆ ಗೊತ್ತಿಲ್ಲ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನನ್ನದು ಅಂತ ಇದ್ದ ಹೊತ್ತು ಅದೊಂದೇ. ಗಂಡ ಬೆಳಿಗ್ಗೆ ಐದೂವರೆಗೇ ಕಲ್ಯಾಣದ ನಮ್ಮ ಹೋಟೆಲಿಗೆ ಹೊರಟುಬಿಡುತ್ತಾರೆ, ಮಗಳು ಕಾಲೇಜಿಗೆ. ಆ ಅರ್ಧ ಗಂಟೆಯಲ್ಲಿ ಅತ್ತೆ ಯಾರ್ಯಾರದೋ ಮದುವೆ, ಮುನಿಸು ಎಲ್ಲ ಹೇಳುತ್ತ ಹೋಗಿ ಕೊನೆಗೆ, "ಸಾಕು ಮಗಾ, ನಿನ್ನ ಕೈ ನೋಯ್ತದೆ" ಎನ್ನುತ್ತಿದ್ದರು. ಆ ಮಾತು ಇನ್ನೊಮ್ಮೆ ಬರಲಿ ಅಂತ ನಾನು ಮತ್ತೆ ಹತ್ತು ನಿಮಿಷ ತಿಕ್ಕುತ್ತಿದ್ದೆ.

ಆ ಹೊತ್ತನ್ನು ನನ್ನ ಓರಗಿತ್ತಿ ಕಿತ್ತುಕೊಂಡಳು. ಕಿತ್ತುಕೊಂಡಳು ಅನ್ನುವುದು ನನ್ನ ಮಾತು. ಅವಳು ಕೇಳಿಯೇ ತೆಗೆದುಕೊಂಡದ್ದು.

ಅವಳು ನನ್ನ ಗಂಡನ ತಮ್ಮನ ಹೆಂಡತಿ. ನಾನು ಉಡುಪಿ ಕಡೆ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕಣ್ಣಡಿಯಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಅವಳು ಇಲ್ಲಿಯೇ ಹುಟ್ಟಿದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಕನ್ನಡ ಮಾತ್ರ ಅವಳಿಗೆ ಎಲ್ಲಿಯೂ ಹೊಟ್ಟೆತುಂಬ ಸಿಗಲಿಲ್ಲ. ನನ್ನ ಹತ್ತಿರ ಮಾತಾಡುವಾಗ ನಾಲ್ಕನ್ನೂ ಕಲಸಿ ಒಂದು ಉಂಡೆ ಮಾಡುತ್ತಾಳೆ. ದಿವಾದಲ್ಲಿ ಅವರ ಮನೆ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ನಾಲ್ಕನೇ ಮಹಡಿ. ರಬಾಳೆಯಲ್ಲಿ ಒಂದು ಔಷಧಿ ಕಂಪನಿಯ ಪ್ಯಾಕಿಂಗ್‌ನಲ್ಲಿ ಅವಳಿಗೆ ಕೆಲಸ ಇತ್ತು. ದಿನಾ ಠಾಣೆಯಲ್ಲಿ ಇಳಿದು, ರೈಲು ಬದಲಿಸಿ ಹೋಗಬೇಕು. ಆಗ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಅಯ್ಯೋ ಪಾಪ ಅನ್ನಿಸುತ್ತಿತ್ತು. ಹಾಗೆ ಅನ್ನಿಸುವುದರಲ್ಲಿ ಒಂದು ಸುಖವೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

ದಿವಾದಲ್ಲಿ ರೈಲಿನ ಲೇಡೀಸ್ ಡಬ್ಬಕ್ಕೆ ಹತ್ತುವುದೇ ಒಂದು ಹೋರಾಟ. ಬಾಗಿಲ ಕಂಬಿಗೆ ಒಂದೇ ಕೈಯಲ್ಲಿ ನೇತಾಡಿ ನೇತಾಡಿ ಅವಳ ಬಲ ಭುಜ ಹಿಡಿದುಕೊಂಡಿತು. ತಲೆ ಬಾಚಲಿಕ್ಕೆ ಆಗದು, ರವಿಕೆಯ ಗುಂಡಿ ಹಾಕಲಿಕ್ಕೆ ಆಗದು. ಡಾಕ್ಟರು ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ಅದರ ನಡುವೆ ಕಂಪನಿಯ ಗೆಳತಿಯೊಬ್ಬಳು ಅವಳನ್ನು ನೇರುಳದಲ್ಲಿದ್ದ ಒಬ್ಬ ನಿವೃತ್ತ ನರ್ಸಮ್ಮನ ಹತ್ತಿರ ಕರೆದುಕೊಂಡು ಹೋದಳು. ಆ ನರ್ಸಮ್ಮ ಮಾಡುವುದಕ್ಕೆ ಜೆಂಟಲ್ ಟಚ್ ಅಂತ ಹೆಸರು. ಒತ್ತುವುದಿಲ್ಲ, ತಿಕ್ಕುವುದಿಲ್ಲ, ಎಣ್ಣೆ ಇಲ್ಲ.

"ಅಕ್ಕ, ಅವ್ರು ಏನೂ ಮಾಡ್ಲೇ ಇಲ್ಲ," ಅಂದಳು ಅವಳು, ಆ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ. "ಬಸ್, ಕೈ ಇಟ್ರು. ತಲೆ ಹತ್ರ, ಮತ್ತೆ ಭುಜದ ಕೆಳಗೆ. ನಂಗೆ ಸೀದಾ ರೋನಾ ಬಂತು, ಅಳು."

"ಏನೂ ಮಾಡದೆ ಕೈ ಇಟ್ಟರೆ ಅದಕ್ಕೆ ಆಶೀರ್ವಾದ ಅಂತ ಹೇಳುದು," ಅಂದೆ ನಾನು, ಅವಳ ಎಲೆಗೆ ಸಾರು ಬಡಿಸುತ್ತ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಎಡಗೈಯಲ್ಲಿ ಊಟ ಮಾಡುತ್ತಿದ್ದಳು, ಅನ್ನ ಕಲಸಲಿಕ್ಕೆ ಬಾರದೆ ಚಮಚ ಹಿಡಿದಿದ್ದಳು.

ಭುಜ ಬಿಡಲಿಕ್ಕೆ ಎಂಟು ತಿಂಗಳು ಬೇಕಾಯಿತು. ವ್ಯಾಯಾಮದಿಂದ ಬಿಟ್ಟಿತೋ, ಕೈ ಇಟ್ಟದ್ದರಿಂದಲೋ, ಅವಳೂ ಖಂಡಿತವಾಗಿ ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ಅವಳು ಆ ನರ್ಸಮ್ಮನಲ್ಲಿ ತಾನೇ ಕಲಿಯಲು ಶುರುಮಾಡಿದ್ದಳು. ಶನಿವಾರ, ಭಾನುವಾರ ನೇರುಳ. ಎಲುಬು, ಸ್ನಾಯುಗಳ ಚಿತ್ರ ಇರುವ ಒಂದು ದೊಡ್ಡ ಹಾಳೆಯನ್ನು ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದ್ದಳು. ಗಂಡನ ಮೇಲೆ, ಪಕ್ಕದ ಮನೆಯ ಹೆಂಗಸರ ಮೇಲೆ ಅಭ್ಯಾಸ. ಎರಡು ವರ್ಷ ಹೀಗೆ ನಡೆಸಿ, ಒಂದು ದಿನ ರಬಾಳೆಯ ಕೆಲಸ ಬಿಟ್ಟು ಇದನ್ನೇ ಕಸುಬು ಮಾಡಿಕೊಂಡಳು. ಮೈದುನ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ನನ್ನ ಗಂಡ, "ಭಾರಿ ಧೈರ್ಯ ಮಾರಾಯ್ತಿ ಅವಳಿಗೆ" ಅಂದರು. ಆ 'ಭಾರಿ' ನನಗೆ ತಾಗಿತು. ಇಪ್ಪತ್ತಮೂರು ವರ್ಷದಲ್ಲಿ ನನ್ನ ಯಾವುದಕ್ಕೂ ಅವರು ಭಾರಿ ಅಂದದ್ದು ನೆನಪಿಲ್ಲ. ನಾನು ಮಾಡುವ ಪತ್ರೊಡೆಗೆ ಅಂದಿದ್ದರೋ ಏನೋ.

ಅತ್ತೆಯನ್ನು ಅವಳು ಮೊದಲು ಮುಟ್ಟಿದ್ದು ಒಂದು ಚೌತಿಯ ಮರುದಿನ. ಹಬ್ಬದ ಓಡಾಟಕ್ಕೆ ಅತ್ತೆಯ ಕಾಲು ಸೆಳೆಯುತ್ತಿತ್ತು. ನಾನು ಎಣ್ಣೆ ಬಿಸಿಮಾಡಲಿಕ್ಕೆ ಒಳಗೆ ಹೋಗಿದ್ದೆ. ಬಟ್ಟಲು ಹಿಡಿದು ಹೊರಗೆ ಬರುವಾಗ ಅವಳು ಬಳೆಗಳನ್ನು ತೆಗೆದು ಟಿಪಾಯಿಯ ಮೇಲೆ ಇಡುತ್ತಿದ್ದಳು, ಒಂದೊಂದಾಗಿ, ಸದ್ದಾಗದ ಹಾಗೆ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಆಮೇಲೆ ಕೇಳಿದಳು: "ಅತ್ತೆ, ಕೈ ಇಡಲಾ?"

ಅತ್ತೆ ಅವಳ ಮುಖ ನೋಡಿದರು. "ಇಡು," ಅಂದರು.

ಅವಳು ಎರಡು ಕೈಯಲ್ಲಿ ಪಾದದ ಗಂಟನ್ನು ಹಿಡಿದಳು. ಹಿಡಿದಳು ಅಂದರೂ ಹೆಚ್ಚಾಯಿತು, ಹಾಲು ಕಾದಿದೆಯಾ ಅಂತ ಪಾತ್ರೆ ಮುಟ್ಟಿ ನೋಡುವಷ್ಟೇ. ಹಾಗೆಯೇ ಕೂತಳು. ಐದು ನಿಮಿಷ, ಹತ್ತು ನಿಮಿಷ. ನಾನು ಬಟ್ಟಲು ಹಿಡಿದು ನಿಂತೇ ಇದ್ದೆ. ಅತ್ತೆಯ ದವಡೆ ಸಡಿಲವಾಯಿತು. ಕುತ್ತಿಗೆ ಪಕ್ಕಕ್ಕೆ ವಾಲಿತು. ಸದಾ ಸೆರಗಿನ ತುದಿ ಹಿಂಡುತ್ತಿರುವ ಅವರ ಬಲಗೈ ದಿವಾನದ ಮೇಲೆ ಅಂಗಾತ ಬಿತ್ತು. ಹನ್ನೊಂದು ವರ್ಷದಲ್ಲಿ ನನ್ನ ಎಣ್ಣೆಗೆ ಆ ಕೈ ಒಂದು ದಿನವೂ ಬಿಚ್ಚಿರಲಿಲ್ಲ.

ಎಚ್ಚರಾದ ಮೇಲೆ ಅತ್ತೆ ಹೇಳಿದರು: "ಇವಳಿಗೆ ಕೈಗುಣ ಉಂಟು."

ನಮ್ಮ ಕಡೆ ಆ ಮಾತನ್ನು ಸುಮ್ಮನೆ ಹೇಳುವುದಿಲ್ಲ. ಒಬ್ಬರು ನೆಟ್ಟ ಗಿಡ ಚಿಗುರುತ್ತದೆ, ಒಬ್ಬರು ಕೊಟ್ಟ ಮದ್ದು ತಾಗುತ್ತದೆ, ಅದು ಕೈಗುಣ. ಅದು ಕಲಿತು ಬರುವುದಲ್ಲ, ಇದ್ದರೆ ಇದ್ದಂತೆ. ಮತ್ತೆ ಅತ್ತೆ, ನನ್ನ ಕಡೆ ನೋಡದೆ, "ಅದೂ ಅಲ್ಲದೆ, ಮುಟ್ಲಾ ಅಂತ ಕೇಳಿದಳು. ನನ್ನ ಆಯುಷ್ಯದಲ್ಲಿ ಯಾರೂ ಕೇಳಿದ್ದಿಲ್ಲ" ಅಂದರು. ಎಣ್ಣೆ ತಣ್ಣಗಾಗಿತ್ತು. ನಾನು ಅದನ್ನು ವಾಪಸು ಬಾಟಲಿಗೆ ಸುರಿದೆ.

ಅಲ್ಲಿಂದ ಪ್ರತಿ ಬುಧವಾರ ಅವಳು ಬರತೊಡಗಿದಳು. ಬುಧವಾರ ಬಂತೆಂದರೆ ಅತ್ತೆ ಬೆಳಿಗ್ಗೆಯೇ ಒಗೆದ ಸೀರೆ ಉಡುವರು. ಉಳಿದ ದಿನ ನಾನು ಬಟ್ಟಲು ತಂದರೆ, "ಇವತ್ತು ಬೇಡ ಮಗಾ, ಎಣ್ಣೆ ಸೀರೆಗೆ ತಾಗ್ತದೆ" ಎನ್ನುವರು. ಹನ್ನೊಂದು ವರ್ಷ ತಾಗದ ಎಣ್ಣೆ. ನಾನು ಅವಳ ಕೈಗಳನ್ನು ಕದ್ದು ನೋಡತೊಡಗಿದೆ. ನನಗಿಂತ ಕಪ್ಪು, ಉಗುರು ಗಿಡ್ಡ, ಪ್ಯಾಕಿಂಗಿನ ಪಟ್ಟಿ ಎಳೆದೆಳೆದು ತೋರುಬೆರಳಿನಲ್ಲಿ ಒಂದು ಗಟ್ಟಿ ಗೆರೆ. ಚಂದದ ಕೈಗಳೇನೂ ಅಲ್ಲ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನು ನನ್ನದೇ ಮಂಡಿಯ ಮೇಲೆ ಹಾಗೆ ಕೈ ಇಟ್ಟು ನೋಡಿದೆ. ಎರಡು ನಿಮಿಷಕ್ಕೆ, ಗ್ಯಾಸಿನ ಮೇಲೆ ಕುಕ್ಕರ್ ಇಟ್ಟದ್ದು ನೆನಪಾಯಿತು.

ಪ್ರತಿ ಸಲವೂ ಹೋಗುವಾಗ ಅವಳು, "ಅಕ್ಕ, ನಿಮ್ಗೂ ಮಾಡ್ಲಾ? ಬರೀ ಹತ್ತು ಮಿನಿಟ್" ಎನ್ನುವಳು. "ನನಗೆ ಎಲ್ಲಿ ನೋವುಂಟು? ನೋವಿದ್ದವರಿಗೆ ಮಾಡು" ಎನ್ನುವೆ ನಾನು, ನಗುತ್ತಲೇ. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದೇ ನಗುತ್ತ ಬೇಡ ಅನ್ನುವುದನ್ನು.

ನಮ್ಮ ಕನ್ನಡ ಸಂಘದ ಹೆಂಗಸರಿಗೆ ಅವಳ ವಿಷಯ ತಿಳಿದದ್ದು ಅತ್ತೆಯ ಬಾಯಿಂದ. ತಿಂಗಳಿಗೊಂದು ಶನಿವಾರ ನಾವು ಡೊಂಬಿವಲಿಯ ಒಂದು ಸಣ್ಣ ಹಾಲ್‌ನಲ್ಲಿ ಸೇರುತ್ತೇವೆ. ಭಜನೆ, ಅವಲಕ್ಕಿ, ಯಾರಾದರೂ ಬಂದು ಏನಾದರೂ ಹೇಳಿಕೊಡುವುದು. ಈ ಸಲ ನಿಮ್ಮ ಸಣ್ಣ ಸೊಸೆ ಬರಲಿ ಅಂತ ಹೆಂಗಸರು ಅತ್ತೆಗೆ ಹೇಳಿದರು. ಸಂಘದ ನೋಟಿಸುಗಳನ್ನು ಅಷ್ಟು ವರ್ಷವೂ ಬರೆದವಳು ನಾನು. ನನ್ನ ಅಕ್ಷರ ಚಂದ, ಒತ್ತು ತಪ್ಪುವುದಿಲ್ಲ. ಆದರೆ ಇದನ್ನು ತಾನೇ ಬರೆಯುತ್ತೇನೆ ಅಂದಳು ಅವಳು. ಬರೆದು, ಆ ಬುಧವಾರ ಹಾಳೆ ತಂದು ನನ್ನ ಮುಂದೆ ಇಟ್ಟಳು. ಶಾಲೆಯ ಮಗುವಿನ ಹಾಗೆ ದೊಡ್ಡ ದೊಡ್ಡ ಅಕ್ಷರ.

"ಅಕ್ಕ, ನಿಮ್ಮ ಕನ್ನಡ ಪಕ್ಕಾ. ಒಮ್ಮೆ ಚೆಕ್ ಮಾಡಿ. ನಾನು ಗ್ರೂಪಿಗೆ ಹಾಕ್ತೇನೆ."

ಹಾಳೆಯಲ್ಲಿ ಇದ್ದದ್ದು ಇದು: "ಮೃದು ಮುಟ್ಟಿನ ಚಿಕಿತ್ಸೆ. ಹೆಂಗಸರು, ಗಂಡಸರು, ಮುದುಕರು ಎಲ್ಲರಿಗೂ ಉಪಯೋಗ. ಔಷದಿ ಇಲ್ಲ, ನೋವು ಇಲ್ಲ. ಶನಿವಾರ ಮದ್ಯಾಹ್ನ ಬನ್ನಿ."

ಟಚ್ ಅಂದರೆ ಮುಟ್ಟುವುದು. ಅದರಿಂದ ಅವಳು ಮುಟ್ಟು ಮಾಡಿಕೊಂಡಿದ್ದಳು. ಕನ್ನಡದಲ್ಲಿ ಮುಟ್ಟು ಅಂದರೆ ತಿಂಗಳಿಗೊಮ್ಮೆ ಹೆಂಗಸರು ಹೊರಗೆ ಕೂರುವುದು, ಬೇರೇನೂ ಅಲ್ಲ ಅಂತ ಅವಳಿಗೆ ಯಾರು ಹೇಳಿಕೊಟ್ಟಿದ್ದಾರೆ? ಸ್ಪರ್ಶ ಅಂತ ಒಂದು ಶಬ್ದ ಬರೆದರೆ ಸಾಕಿತ್ತು. ಪೆನ್ನು ನನ್ನ ಕೈಯಲ್ಲಿಯೇ ಇತ್ತು. ಒಳಗಿನ ಕೋಣೆಯಿಂದ ಅತ್ತೆ ಕರೆಯುತ್ತಿದ್ದರು, "ಬಂದ್ಳಾ ಅವಳು? ಬರ್ಲಿಕ್ಕೆ ಹೇಳು ಒಳಗೆ." ಆ ದನಿಯಲ್ಲಿ ಇದ್ದ ಅವಸರವನ್ನು ನಾನು ಕೇಳಿದೆ. 'ಔಷದಿ'ಗೆ ಮಹಾಪ್ರಾಣ ಕೊಟ್ಟೆ. 'ಮದ್ಯಾಹ್ನ'ಕ್ಕೂ ಕೊಟ್ಟೆ, ಇಲ್ಲದಿದ್ದರೆ ಅದು ಹೆಂಡದ ಹೊತ್ತಾಗುತ್ತದೆ ಅಂತ ಹೇಳಿ ಅವಳನ್ನು ನಗಿಸಿದೆ ಕೂಡ. ಮೊದಲನೆಯ ಸಾಲನ್ನು ಹಾಗೆಯೇ ಬಿಟ್ಟೆ.

"ಈಗ ಸರಿ ಉಂಟು," ಅಂದೆ.

"ಥ್ಯಾಂಕ್ಯೂ ಅಕ್ಕ. ನೀವು ಇಲ್ದಿದ್ರೆ ನನ್ನ ಮರ್ಯಾದೆ ಹೋಗ್ತಿತ್ತು," ಅಂದಳು.

ಶನಿವಾರ ಹಾಲ್‌ನಲ್ಲಿ ಯಾವತ್ತಿಗಿಂತ ಎರಡು ಪಾಲು ಹೆಂಗಸರು. ನನ್ನ ಎದುರಿನ ಸಾಲಿನವರು ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದರು. ಅವಳು ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಬಳೆ ತೆಗೆದು, ಮುಂದೆ ನಿಂತು ನಮಸ್ಕಾರ ಅಂದಳು ಅಷ್ಟೆ. ಧಾರವಾಡದ ಕಡೆಯ ಒಬ್ಬ ಹಿರಿಯಮ್ಮ, ಬಾಯಿ ಬಿಟ್ಟರೆ ಹಾಲ್ ನಗುವಂಥವರು, ಕೂತಲ್ಲಿಂದಲೇ ಕೇಳಿದರು:

"ಯವ್ವಾ, ನಂದು ನಿಂತು ಹತ್ತ ವರ್ಷಾತು. ನೀ ಕೈ ಇಟ್ಟು ಮತ್ತ ಶುರು ಮಾಡ್ತಿ ಏನ?"

ಹಾಲ್ ಬಿದ್ದು ನಕ್ಕಿತು. ಹಿರಿಯಮ್ಮ ಬಿಡಲಿಲ್ಲ. "ಗಂಡಸ್ರಿಗೂ ಉಪಯೋಗ ಅಂತ ಬರದೀ. ನಮ್ಮ ಮನ್ಯಾಗಿನವ್ರು ನೋಟೀಸ್ ಓದಿ ಗಾಬರಿ ಆಗ್ಯಾರ, ನಂಗ ಇದು ಯಾವಾಗ ಬಂತು ಅಂತ."

ಅವಳಿಗೆ ಅರ್ಥವಾಗಲಿಲ್ಲ. ಎಲ್ಲರೂ ನಗುತ್ತಿದ್ದಾರೆಂದು ತಾನೂ ಸ್ವಲ್ಪ ನಕ್ಕು, ನನ್ನ ಕಡೆ ನೋಡಿದಳು. ನಾನು ಎದ್ದು ಹೋಗಿ ಅವಳ ಕಿವಿಯಲ್ಲಿ ಹೇಳಬೇಕಾಯಿತು. ಹೇಳುವಾಗ ಅವಳ ಕಿವಿಯ ಹಿಂದೆ ಬೆವರು ಹನಿಯುವುದು ಕಂಡಿತು. ನನಗೆ ಬೇಕಾಗಿದ್ದದ್ದು ಇದೇ, ಅವಳ ಮುಖ ಒಮ್ಮೆ ಸಣ್ಣದಾಗುವುದು. ಆಯಿತು. ಒಂದು ಗಳಿಗೆ, ಅಷ್ಟೆ.

ಆಮೇಲೆ ಅವಳು ಮೈಕ್ ಹಿಡಿದುಕೊಂಡಳು. "ಸಾರಿ ಹಾಂ. ನನ್ನ ಕನ್ನಡ ರೈಲಿನಲ್ಲಿ ಕಲ್ತದ್ದು, ಅರ್ಧ ಕಲಿಯುವಷ್ಟರಲ್ಲಿ ಸ್ಟೇಷನ್ ಬಂತು. ನಮ್ಮ ಅಕ್ಕ ಚೆಕ್ ಮಾಡಿದ್ರು. ಪಾಪ, ಅವ್ರಿಗೆ ನನ್ನ ತಪ್ಪು ಕಾಣುದೇ ಇಲ್ಲ, ಅಷ್ಟು ಪ್ರೀತಿ." ಮತ್ತೆ ಹಿರಿಯಮ್ಮನ ಕಡೆ ತಿರುಗಿ, "ಅಜ್ಜಿ, ಶುರು ಮಾಡ್ಲಿಕ್ಕೆ ಬರುದಿಲ್ಲ ನಂಗೆ. ಆದ್ರೆ ನಿಂತ ಮೇಲೆ ನಿದ್ದೆ ಬರುದಿಲ್ಲ, ಸುಮ್ನೆ ಸಿಟ್ಟು ಬರ್ತದೆ, ಅಂಥದ್ದು ಇದ್ರೆ ಬನ್ನಿ. ಕೂತು ಮಾತಾಡುವಾ. ಡಾಕ್ಟರ್ ಹತ್ರ ಹೋಗ್ಬೇಕಾದ್ದು ಇದ್ರೆ ಅದೂ ಹೇಳ್ತೇನೆ."

ನಗು ಹೇಗೆ ನಿಂತಿತೋ ಗೊತ್ತಾಗಲಿಲ್ಲ. ಆ ಹಿರಿಯಮ್ಮನೇ ಮೊದಲು ಎದ್ದರು. ಅವಳ ಮುಂದಿನ ಕುರ್ಚಿಯಲ್ಲಿ ಕೂತು, "ಕೈ ಇಡಲಾ?" ಅಂತ ಅವಳು ಕೇಳಿದಾಗ, ಏನೂ ತಮಾಷೆ ಮಾಡದೆ ಹೂಂ ಅಂದರು. ಅವರ ಹಿಂದೆ ಸಾಲು ಬೆಳೆಯಿತು. ಆ ನೋಟಿಸು ಸರಿಯಾಗಿ ಬರೆದಿದ್ದರೆ ಅಷ್ಟು ಹೆಂಗಸರು ಬರುತ್ತಿರಲಿಲ್ಲ. ಯಾರ ಹತ್ತಿರವೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಲಿಕ್ಕೆ ಅವರಿಗೆ ಆ ತಪ್ಪು ಶಬ್ದವೇ ಬಾಗಿಲಾಯಿತು. ನಾನು ಹಿಂದಿನ ಮೇಜಿನ ಹತ್ತಿರ ನಿಂತು ಅವಲಕ್ಕಿಯನ್ನು ಪೇಪರ್ ತಟ್ಟೆಗಳಿಗೆ ಹಾಕುತ್ತಿದ್ದೆ. ನನ್ನ ಹೊಟ್ಟೆಕಿಚ್ಚು ಕೂಡ ಅವಳಿಗೇ ಉಪಕಾರ ಮಾಡಿ ಬಂದಿತ್ತು.

ಅತ್ತೆ, ನಾನು ರಿಕ್ಷಾದಲ್ಲಿ ಮನೆಗೆ ಬಂದೆವು. ನಾನು ಬೀಗ ತೆಗೆಯುವಾಗ, ಚಪ್ಪಲಿ ಬಿಡುತ್ತ ಹೇಳಿದರು:

"ಅವಳಿಗೆ ಗೊತ್ತಿಲ್ಲ, ಸರಿ. ನಿನಗೆ ಗೊತ್ತಿಲ್ಲ ಅಂತ ನಾನು ನಂಬುದಾ?"

ನಾನು ಬಾಗಿಲು ದೂಡಿ ಲೈಟ್ ಹಾಕಿದೆ.

"ನನಗೂ ಓದ್ಲಿಕ್ಕೆ ಬರ್ತದೆ ಮಗಾ. ಗ್ರೂಪಿನಲ್ಲಿ ನೋಡಿದೆ. ನೀನು ಸರಿ ಮಾಡ್ತಿ, ಇವತ್ತು ಮಾಡ್ತಿ, ನಾಳೆ ಮಾಡ್ತಿ ಅಂತ ಮೂರು ದಿನ ಕಾದೆ."

ಅಷ್ಟು ಹೇಳಿ ಅವರು ದಿವಾನಕ್ಕೆ ಹೋಗಿ ಕೂತರು. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ನನ್ನ ಹನ್ನೊಂದು ವರ್ಷವನ್ನು ಎತ್ತಿ ಹಾಕುತ್ತಿದ್ದೆ. ಅವರು ಬೈಯಲಿಲ್ಲ.

ಸೋಮವಾರ ನಾನು ದಿವಾಕ್ಕೆ ಹೋದೆ. ಡೊಂಬಿವಲಿಯಿಂದ ಎರಡೇ ಸ್ಟೇಷನ್, ಆದರೂ ನಾನು ಅವಳ ಮನೆಗೆ ಒಬ್ಬಳೇ ಹೋದದ್ದು ಅದೇ ಮೊದಲು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಉಸಿರು ಬಾಯಿಗೆ ಬಂದಿತ್ತು. ಹಾಲ್‌ನ ಅರ್ಧಕ್ಕೆ ಪರದೆ ಎಳೆದು, ಅದರ ಹಿಂದೆ ಅವಳ ಕೆಲಸದ ಕಿರಿದಾದ ಮಂಚ. ಅವಳು ನೆಲದ ಮೇಲೆ ಪೇಪರ್ ಹರಡಿ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.

"ಅರೆ ಅಕ್ಕ, ಫೋನ್ ಮಾಡ್ಬಾರ್ದಾ? ಅತ್ತೆ ಹುಷಾರಾ?"

"ಹುಷಾರು," ಅಂದೆ. ನಾನೂ ಕೂತು ಸೊಪ್ಪಿಗೆ ಕೈ ಹಾಕಿದೆ. ಎರಡು ಕಡ್ಡಿ ಬಿಡಿಸಿದ ಮೇಲೆ ಹೇಳಿದೆ. ಸುತ್ತಿ ಬಳಸಲಿಲ್ಲ. ನನಗೆ ಗೊತ್ತಿತ್ತು, ಔಷಧಿ ತಿದ್ದಿದೆ, ಮಧ್ಯಾಹ್ನ ತಿದ್ದಿದೆ, ಅದನ್ನು ಬೇಕೆಂದೇ ಬಿಟ್ಟೆ.

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ. ಒಂದು ಕಟ್ಟು ಮುಗಿಸಿ, "ಯಾಕೆ?" ಅಂದಳು.

"ಅತ್ತೆ ನಿನ್ನನ್ನೇ ಕೇಳ್ತಾರೆ. ನನ್ನನ್ನು ಕೇಳುದಿಲ್ಲ."

ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಅಂತ ನನಗೇ ಕಂಡಿತು. ಐವತ್ತು ಹತ್ತಿರವಾದ ಹೆಂಗಸು ರೈಲು ಹತ್ತಿ ಬಂದು ಹೇಳುವಂಥದ್ದಲ್ಲ. ಕಣ್ಣು ತುಂಬಿತು. ಅವಳು ಯಾವಾಗಲೂ ಕೇಳುತ್ತಿದ್ದದ್ದನ್ನು ಅವತ್ತು ನಾನೇ ಕೇಳಿದೆ: "ನನಗೊಮ್ಮೆ ಕೈ ಇಡ್ತೀಯಾ?"

ಅವಳು ತನ್ನ ಕೈ ನೋಡಿಕೊಂಡಳು. ಬೆರಳಿಗೆಲ್ಲ ಮೆಂತೆಯ ಹಸಿರು.

"ಇವತ್ತು ಆಗುದಿಲ್ಲ ಅಕ್ಕ. ಸಿಟ್ಟು ಇರುವಾಗ ಯಾರ ಮೇಲೂ ಕೈ ಇಡ್ಬಾರ್ದು. ನಮ್ಮ ನರ್ಸಮ್ಮ ಮೊದಲು ಹೇಳಿಕೊಟ್ಟದ್ದೇ ಅದು." ಮತ್ತೆ ದಂಟಿನ ಪೇಪರ್ ಮಡಚುತ್ತ, "ನಂಗೆ ತುಂಬ ಸಿಟ್ಟು ಬಂದಿದೆ. ಚಾ ಮಾಡ್ತೇನೆ, ಕುಡ್ದು ಹೋಗಿ" ಅಂದಳು.

ಚಾ ಕುಡಿದೆ. ಸಕ್ಕರೆ ನನಗೆ ಬೇಕಾದಷ್ಟೇ ಹಾಕಿದ್ದಳು. ರೈಲಿನಲ್ಲಿ ಬಾಗಿಲ ಹತ್ತಿರ ನಿಂತು ಯೋಚಿಸುತ್ತಿದ್ದರೆ, ಅವಳ ಆ ಸಿಟ್ಟಿನ ಮೇಲೆಯೂ ನನಗೆ ಹೊಟ್ಟೆಕಿಚ್ಚೇ ಆಯಿತು. ಸಿಟ್ಟು ಬಂದರೆ ಸಿಟ್ಟು ಬಂತು ಅನ್ನುತ್ತಾಳೆ. ನಾನು ಎರಡು ವರ್ಷ ನಗುತ್ತ ಇದ್ದೆ.

ಆ ಬುಧವಾರ ಅವಳು ನಮ್ಮ ಮನೆಗೆ ಬರಲಿಲ್ಲ. ಅತ್ತೆಯನ್ನೇ ದಿವಾಕ್ಕೆ ಕರೆದುಕೊಂಡು ಬನ್ನಿ ಅಂತ ಫೋನ್ ಮಾಡಿದಳು, ಮಹಡಿ ಹತ್ತಿಸಲಿಕ್ಕೆ ಮೈದುನ ಕೆಳಗೆ ಬರುತ್ತಾನೆ ಅಂದಳು. ಯಾಕೆ ಅಂತ ಅತ್ತೆ ಕೇಳಲಿಲ್ಲ. ಈಗ ನಾನು ಪ್ರತಿ ವಾರ ಹೋಗುತ್ತೇನೆ. ಅತ್ತೆ ಪರದೆಯ ಆಚೆ, ನಾನು ಈಚೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ. ಒಳಗಿನಿಂದ "ಕೈ ಇಡಲಾ?" ಕೇಳುತ್ತದೆ, ಅತ್ತೆಯ "ಇಡು" ಕೇಳುತ್ತದೆ, ಆಮೇಲೆ ಏನೂ ಕೇಳುವುದಿಲ್ಲ. ಆ ಸುಮ್ಮನಿರುವ ಹೊತ್ತು ಈಗಲೂ ನನ್ನನ್ನು ಕೊರೆಯುತ್ತದೆ.

ಮೊನ್ನೆ ಐದನೆಯ ವಾರ. ಅತ್ತೆ ಒಳಗೆ ನಿದ್ದೆ ಹೋಗಿದ್ದರು. ಅವಳು ಪರದೆ ಸರಿಸಿ ಹೊರಗೆ ಬಂದು, ನೀರು ಕುಡಿದು, ನನ್ನ ಎದುರು ನಿಂತಳು. ನಾನು ಅಲ್ಲಿ ಯಾತಕ್ಕೆ ಕೂತಿದ್ದೇನೆ ಅಂತ ಅವಳಿಗೆ ಗೊತ್ತು.

"ಇವತ್ತೂ ಬೇಡ ಅಕ್ಕ," ಅಂದಳು ಮೆಲ್ಲಗೆ. "ಸಿಟ್ಟು ಇನ್ನೂ ಸ್ವಲ್ಪ ಉಂಟು."

"ಇರ್ಲಿ," ಅಂದೆ. ಮತ್ತೆ, ಅವಳಿಗೆ ಮಾತ್ರ ಕೇಳುವಷ್ಟು, "ನನ್ನ ಹೊಟ್ಟೆಕಿಚ್ಚೂ ಹೋಗ್ಲಿಲ್ಲ."

ಅವಳು ನನ್ನನ್ನು ನೋಡಿದಳು. ಪಕ್ಕದ ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಯನ್ನು ತೆಗೆದು ನೆಲದ ಮೇಲೆ ಹಾಕಿ, ಅಲ್ಲಿ ಕೂತಳು. ಅತ್ತೆ ಏಳುವವರೆಗೆ ಇಬ್ಬರೂ ಆ ಬಟ್ಟೆ ಮಡಚಿದೆವು.